ಕುಳ್ಳ ಗಿಟಾರಿನ ಶ್ರುತಿ

ಮಗಳಿಗೆ ಎಂಟು ತುಂಬಿದ ವರ್ಷ ಗಿಟಾರ್ ಬೇಕೆಂದು ಹಠ ಹಿಡಿದಳು. ಅಂಗಡಿಯಾತ ಅವಳನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಗೋಡೆಯ ಮೇಲಿನ ಸಾಲಿನಿಂದ ಪುಟ್ಟದೊಂದನ್ನು ಇಳಿಸಿದ. "ಮಕ್ಕಳಿಗೆ ಇದೇ ಸರಿ ಸಾರ್, ಕೈಗೆ ಎಟುಕುತ್ತೆ" ಎಂದ. ಎಟುಕುತ್ತಿತ್ತು, ನಿಜ. ಅದಕ್ಕಿಂತ ಹೆಚ್ಚಿಗೆ ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವಳು, "ಅಪ್ಪಾ, ಬೆರಳಿಡದೆ ಮೀಟಿದ್ರೆ ಸರಿ ಇದೆ. ಬೆರಳಿಟ್ಟ ತಕ್ಷಣ ಹುಳಿಯಾಗುತ್ತೆ" ಎಂದಳು. ಕ್ಲಾಸಿನ ಮೇಷ್ಟ್ರು, "ಕಿವಿ ಇನ್ನೂ ಪಳಗಬೇಕು ಪುಟ್ಟಾ" ಎಂದು ಸಮಾಧಾನ ಹೇಳಿದರು. ನಾನೂ ಅದನ್ನೇ ಹೇಳಿದೆ. ಇನ್ನೆರಡು ತಿಂಗಳಲ್ಲಿ ಅವಳು, "ನಂಗೆ ಸಂಗೀತ ಬರಲ್ಲ" ಎಂದು ತೀರ್ಮಾನಿಸಿಬಿಟ್ಟಳು. ಗಿಟಾರ್ ಅಟ್ಟ ಸೇರಿತು.

ಎರಡು ವರ್ಷದ ನಂತರ ದಸರಾ ಗೊಂಬೆಯ ಪೆಟ್ಟಿಗೆ ಇಳಿಸುವಾಗ ಅದು ಕೈಗೆ ತಗುಲಿತು. ಫೋನಿನಲ್ಲಿ ಟ್ಯೂನರ್ ಹಾಕಿಕೊಂಡು ಮೊದಲ ತಂತಿಯನ್ನು 'ಇ' ಸ್ವರಕ್ಕೆ ಕೂಡಿಸಿದೆ. ಸೂಜಿ ನೆಟ್ಟಗೆ ನಿಂತಿತು. ಮೊದಲ ಮೆಟ್ಟಿಲಿನಲ್ಲಿ ಬೆರಳಿಟ್ಟು ಮೀಟಿದೆ. 'ಎಫ್' ಬರಬೇಕಾದಲ್ಲಿ ಸೂಜಿ ಬಲಕ್ಕೆ ವಾಲಿ ಅಲ್ಲೇ ಕೂತಿತು. ಎರಡನೆಯ ತಂತಿ, ಮೂರನೆಯದು, ಎಲ್ಲವೂ ಹಾಗೇ. ಮಗುವಿನ ಕಿವಿ ಸರಿಯಾಗಿಯೇ ಇತ್ತು. ಕಿವಿ ಪಳಗದಿದ್ದದ್ದು ನನ್ನದು.

ಅಂದಿನಿಂದ ಈ ಪುಟ್ಟ ಗಿಟಾರುಗಳ ಚರಿತ್ರೆಯನ್ನು ಹುಡುಕಿಕೊಂಡು ಓದುತ್ತಿದ್ದೇನೆ. ಪ್ರಾಯಶ್ಚಿತ್ತ ಅಂದರೂ ಸರಿ.

ನಮ್ಮಲ್ಲಿ ಇದು ಗೊತ್ತಿಲ್ಲದ ವಿಷಯವೇನಲ್ಲ. ಗಂಡುದನಿಗೆ ಉದ್ದನೆಯ ತಂಬೂರಿ, ಹೆಣ್ಣುದನಿಗೆ ಚಿಕ್ಕದು. ಚಿಕ್ಕ ತಂಬೂರಿಯಲ್ಲಿ ಗಂಡಸರ ಶ್ರುತಿ ಹಿಡಿಯಲು ಹೊರಟರೆ ತಂತಿ ಜೋತುಬಿದ್ದು ಕೊರಗುಟ್ಟುತ್ತದೆ ಎಂಬುದು ಸಂಗೀತದ ಮನೆಯಲ್ಲಿ ಬೆಳೆದ ಯಾರಿಗೂ ಗೊತ್ತು. ಕೊಳಲು ಗಿಡ್ಡವಾದಷ್ಟೂ ಶ್ರುತಿ ಏರುತ್ತದೆ. ವಾದ್ಯದ ಅಳತೆಗೆ ತಕ್ಕ ಶ್ರುತಿ ಎಂಬ ಈ ಸರಳ ಲೆಕ್ಕವನ್ನು ಇನ್ನೂರು ವರ್ಷದ ಹಿಂದಿನ ವಿಯೆನ್ನಾದ ಗಿಟಾರ್ ಲೋಕವೂ ಬಲ್ಲದಾಗಿತ್ತು.

ಇಟಲಿಯ ಮೌರೋ ಜೂಲಿಯಾನಿ 1806ರಲ್ಲಿ ವಿಯೆನ್ನಾಕ್ಕೆ ಬಂದ. ಬೇಥೋವನ್ ಇದ್ದ ಊರು ಅದು. ಅಲ್ಲಿ ಗಿಟಾರ್ ಹಿಡಿದು ವಾದ್ಯವೃಂದದೆದುರು ಕೂರುವುದು ಎದೆಗಾರಿಕೆಯ ಕೆಲಸ. ಗಿಟಾರಿನ ದನಿ ಸಣ್ಣದು, ಪಿಟೀಲುಗಳ ಗುಂಪಿನಲ್ಲಿ ಮುಳುಗಿಹೋಗುತ್ತದೆ. ಜೂಲಿಯಾನಿ ತನ್ನ ಮೂರನೆಯ ಕಾನ್ಸರ್ಟೋವನ್ನು, ಅಂದರೆ ಕೃತಿಸಂಖ್ಯೆ 70ನ್ನು, ಬರೆದದ್ದು ಮಾಮೂಲಿ ಗಿಟಾರಿಗಲ್ಲ, 'ಟೆರ್ಟ್ಸ್' ಗಿಟಾರಿಗೆ. ಜರ್ಮನ್ ಭಾಷೆಯಲ್ಲಿ ಟೆರ್ಟ್ಸ್ ಎಂದರೆ ಮೂರನೆಯ ಸ್ವರದ ಅಂತರ. ಗಾತ್ರದಲ್ಲಿ ಕಿರಿದು, ಶ್ರುತಿಯಲ್ಲಿ ಮೂರು ಅರ್ಧಸ್ವರ ಏರು. ಮಾಮೂಲಿ ಗಿಟಾರಿನ ಮೊದಲ ತಂತಿ 'ಇ' ಆದರೆ ಇದರದ್ದು 'ಜಿ'. ವಾದಕ ಎಂದಿನಂತೆ 'ಡಿ' ಹಿಡಿತಗಳಲ್ಲಿ ನುಡಿಸುತ್ತಾನೆ, ವಾದ್ಯವೃಂದ 'ಎಫ್' ನುಡಿಸುತ್ತಿರುತ್ತದೆ, ಎರಡೂ ಒಂದೇ ಶ್ರುತಿಯಲ್ಲಿ ಕೂಡುತ್ತವೆ. ಏರುಶ್ರುತಿಯ ಚುರುಕು ದನಿ ಪಿಟೀಲುಗಳ ಮೇಲೆ ತೇಲುತ್ತದೆ. ಇಂದು ಈ ಕೃತಿ ನುಡಿಸುವ ಹಲವರು ದೊಡ್ಡ ಗಿಟಾರಿನ ಮೂರನೆಯ ಮೆಟ್ಟಿಲಿಗೆ ಕೇಪೋ ಕಚ್ಚಿಸಿ ಕೆಲಸ ಮುಗಿಸುತ್ತಾರೆ.

ಆ ಕೇಪೋದಲ್ಲೇ ಇಡೀ ಗುಟ್ಟಿದೆ. ಈಗಿನ ದೊಡ್ಡ ಗಿಟಾರುಗಳಲ್ಲಿ ತಲೆಯ ಬಳಿಯ ನಟ್‌ನಿಂದ ಕುದುರೆಯವರೆಗೆ, ಅಂದರೆ ಕಂಪಿಸುವ ತಂತಿಯ ಉದ್ದ, ಸಾಮಾನ್ಯವಾಗಿ 25.4 ಅಂಗುಲ. ಮೂರನೆಯ ಮೆಟ್ಟಿಲಿನಲ್ಲಿ ಕೇಪೋ ಹಾಕಿದರೆ ಉಳಿಯುವುದು ಸುಮಾರು 21.4 ಅಂಗುಲ. ಅಮೆರಿಕದ ಮಾರ್ಟಿನ್ ಕಂಪನಿಯ ಅತಿ ಪುಟ್ಟ 'ಸೈಜ್ 5' ಗಿಟಾರಿನ ತಂತಿಯ ಉದ್ದವೂ 21.4 ಅಂಗುಲವೇ. ಕಾಕತಾಳೀಯವಲ್ಲ. ಟೆರ್ಟ್ಸ್ ಗಿಟಾರೆಂದರೆ ದೊಡ್ಡ ಗಿಟಾರಿನ ಮೊದಲ ಮೂರು ಮೆಟ್ಟಿಲು ಕತ್ತರಿಸಿ ತೆಗೆದಂತೆ. ಅದೇ ತಂತಿ, ಅದೇ ಬಿಗಿ, ಅದೇ ನುಡಿಸುವ ಅನುಭವ. ನಾನು ಅಟ್ಟದಿಂದ ಇಳಿಸಿದ್ದಕ್ಕೆ ಟೇಪು ಹಿಡಿದೆ. 54 ಸೆಂಟಿಮೀಟರಿನ ಆಸುಪಾಸು. ಅಂಗುಲದಲ್ಲಿ 21ರ ಮೇಲೆ ಸ್ವಲ್ಪ.

ಮಾರ್ಟಿನ್ ಹೆಸರು ಬಂತು, ಅವನ ಕತೆಯನ್ನು ಬಿಟ್ಟು ಮುಂದೆ ಹೋಗಲಾರೆ. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಶೆನ್ ಎಂಬ ವಾದ್ಯಗಾರರ ಊರಿನಲ್ಲಿ. ಬಡಗಿಗಳ ಕುಲಸಂಘಕ್ಕೆ ಸೇರಿದ ಮನೆ. ಕೆಲಸ ಕಲಿತದ್ದು ವಿಯೆನ್ನಾದ ಯೊಹಾನ್ ಗೇಯೊರ್ಗ್ ಸ್ಟೌಫರ್ ಎಂಬ ಹೆಸರಾಂತ ಕುಶಲಿಯ ಬಳಿ. ಊರಿಗೆ ಮರಳಿದರೆ ಅಲ್ಲಿ ಜಗಳ. ಗಿಟಾರ್ ಮಾಡುವ ಹಕ್ಕು ತಮಗೆ ಮಾತ್ರವೆಂದು ಪಿಟೀಲು ಮಾಡುವವರ ಸಂಘ, ಅದು ತಮ್ಮದೂ ಹೌದೆಂದು ಬಡಗಿಗಳು. 1826ರಲ್ಲಿ ಒಂದು ದೂರು, 1832ರಲ್ಲಿ ಮತ್ತೊಂದು. ಬಡಗಿಗಳ ಹಕ್ಕು ಉಳಿಯಿತು, ಆದರೆ ಮಾರ್ಟಿನ್ ಊರಿನಲ್ಲಿ ಉಳಿಯಲಿಲ್ಲ. 1833ರಲ್ಲಿ ಸಂಸಾರ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋದ, ಆ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆನಿಂತ. ಕಂಪನಿ ಇವತ್ತಿಗೂ ಅಲ್ಲೇ ಇದೆ.

ಸ್ಟೌಫರ್ ಕಲಿಸಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಬೀಗದ ಕೈ. ಅವನ ಗಿಟಾರುಗಳಲ್ಲಿ ಕತ್ತಿನ ಬುಡಕ್ಕೆ ಒಂದು ತಿರುಪು ಇರುತ್ತಿತ್ತು. ಗಡಿಯಾರಕ್ಕೆ ಕೀಲಿ ಕೊಡುವಂಥದೇ ಕೈಯನ್ನು ತೂರಿಸಿ ತಿರುಗಿಸಿದರೆ ಕತ್ತು ಕೊಂಚ ಬಾಗುತ್ತದೆ ಅಥವಾ ಏಳುತ್ತದೆ. ತಂತಿ ಮೆಟ್ಟಿಲುಗಳಿಂದ ಎಷ್ಟು ಎತ್ತರದಲ್ಲಿರಬೇಕೆಂದು ನುಡಿಸುವವರೇ ನಿರ್ಧರಿಸಬಹುದು. ಮಾರ್ಟಿನ್‌ನ ಮೊದಮೊದಲ ಗಿಟಾರುಗಳಲ್ಲೂ ಇದಿತ್ತು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಸ್ವರ ಕೆಟ್ಟರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಎರಡರ ಹಿಂದೆಯೂ ಒಂದೇ ತಿಳಿವಳಿಕೆ: ವಾದ್ಯವನ್ನು ಕೊಟ್ಟು ಕಳಿಸಿದರೆ ಮುಗಿಯಲಿಲ್ಲ, ಅದನ್ನು ತಿದ್ದುತ್ತಿರಬೇಕು. ಇಂದಿನ ಅಗ್ಗದ ಪುಟ್ಟ ಗಿಟಾರಿನಲ್ಲಿ ಕುದುರೆ ಅಂಟಿಸಿದ್ದು, ಕತ್ತು ಅಂಟಿಸಿದ್ದು, ಮೆಟ್ಟಿಲು ಬಡಿದು ಕೂರಿಸಿದ್ದು.

ಮಾರ್ಟಿನ್ ಗಿಟಾರುಗಳ ಹಳೆಯ ಅಳತೆಯಲ್ಲಿ ಅಂಕೆ ಹೆಚ್ಚಿದಷ್ಟೂ ವಾದ್ಯ ಚಿಕ್ಕದು. ಒಂದು ದೊಡ್ಡದು, ಐದು ಪುಟ್ಟದು. ಆ ಐದನೆಯದೇ ಟೆರ್ಟ್ಸ್. ಆಗ ತಂತಿಗಳು ಕುರಿಯ ಕರುಳಿನವು, ಮಂದ್ರದವು ರೇಷ್ಮೆ ಎಳೆಗೆ ಲೋಹದ ತಂತಿ ಸುತ್ತಿದವು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗಿಟಾರ್ ಬಹುಮಟ್ಟಿಗೆ ಪಡಸಾಲೆಯ ವಾದ್ಯ, ಹೆಂಗಸರು ಮನೆಯಲ್ಲಿ ಹಾಡಿಗೆ ಜೊತೆಯಾಗಿ ನುಡಿಸುವಂಥದು. ಸಣ್ಣ ಮೈ, ಸಣ್ಣ ದನಿ, ಕಡಿಮೆ ಬಿಗಿ. ಯಾರಿಗೂ ಅದು ಕೊರತೆಯೆನಿಸಲಿಲ್ಲ.

ಕೊರತೆಯಾದದ್ದು ಸಭೆ ದೊಡ್ಡದಾದ ಮೇಲೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪನಾಮಾ–ಪೆಸಿಫಿಕ್ ಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಅಮೆರಿಕನ್ನರಿಗೆ ಹುಚ್ಚು ಹಿಡಿಯಿತು. ಅದರ ಜೊತೆಗೇ ಉಕ್ಕಿನ ತಂತಿಯ ಗಟ್ಟಿ ದನಿಗೆ ಬೇಡಿಕೆ ಬಂತು. 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗಾಗಿ ಮಾರ್ಟಿನ್ ಕಾರ್ಖಾನೆ ಭಾರೀ ಮೈಯ ಗಿಟಾರೊಂದನ್ನು ಮಾಡಿಕೊಟ್ಟಿತು. 1906ರ ಬ್ರಿಟಿಷ್ ಯುದ್ಧನೌಕೆ 'ಡ್ರೆಡ್‌ನಾಟ್'ನ ಹೆಸರು ಅದಕ್ಕೆ. 1931ರಲ್ಲಿ ಮಾರ್ಟಿನ್ ತನ್ನದೇ ಹೆಸರಿನಲ್ಲಿ ಅದನ್ನು ಮಾರಿತು. ಇಂದು ಯಾವ ಊರಿನ ಅಂಗಡಿಗೆ ಹೋಗಿ ಗಿಟಾರ್ ಎಂದರೂ ಕೈಗೆ ಬರುವುದು ಹೆಚ್ಚಾಗಿ ಆ ಹಡಗಿನ ಮರಿ. ಪಡಸಾಲೆಯ ಪುಟ್ಟದು ಮೂಲೆ ಸೇರಿತು. ತೀರಾ ಮಾಯವಾಗಲಿಲ್ಲ ಅನ್ನಿ. ಹಳ್ಳಿಗಾಡಿನ ಹಾಡುಗಳ ಮಾರ್ಟಿ ರಾಬಿನ್ಸ್ ಎದೆಗವಚಿಕೊಂಡು ಹಾಡುತ್ತಿದ್ದದ್ದು ಸೈಜ್ 5ನ್ನೇ.

ಮತ್ತೆ ಮರಳಿದ್ದು 1990ರ ದಶಕದಲ್ಲಿ, ಪ್ರಯಾಣಿಕರ ಮತ್ತು ಮಕ್ಕಳ ಗಿಟಾರಾಗಿ. 1996ರಲ್ಲಿ 'ಬೇಬಿ ಟೇಲರ್' ಬಂತು, ತಂತಿಯ ಉದ್ದ 22.75 ಅಂಗುಲ. ಎಡ್ ಶೀರನ್ ಕೈಯಲ್ಲಿ ಲೋಕವೆಲ್ಲ ನೋಡಿದ 'ಲಿಟಲ್ ಮಾರ್ಟಿನ್'ನದು 23. ಇವು ಒಳ್ಳೆಯ ವಾದ್ಯಗಳೇ. ಆದರೆ ಇವುಗಳ ಬೆನ್ನು ಹಿಡಿದು ಬಂದ ಅಗ್ಗದ ನೂರಾರು ಪುಟ್ಟ ಗಿಟಾರುಗಳ ಜೊತೆ ಒಂದು ಮರೆವೂ ಬಂತು. ಎಲ್ಲವನ್ನೂ 'ಇ'ಗೇ ಕೂಡಿಸುವುದು. ಟೆರ್ಟ್ಸ್ ಎಂಬ ಮಾತೇ ಅಂಗಡಿಯಿಂದ ಹೊರಟುಹೋಗಿತ್ತು.

ಹೀಗೆ ಕೂಡಿಸಿದರೆ ಆಗುವುದೇನು? ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲೇ ತಂತಿಯ ನಿಯಮಗಳನ್ನು ಬರೆದಿಟ್ಟಿದ್ದಾನೆ. ಅದರಂತೆ, ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಕೂಡಿಸಿದರೆ ಬಿಗಿಯು ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 25.4ರಿಂದ 23 ಅಂಗುಲಕ್ಕಿಳಿದರೆ ಬಿಗಿ ಶೇ. 18ರಷ್ಟು ಕುಸಿಯುತ್ತದೆ, 21.4ಕ್ಕಿಳಿದರೆ ಶೇ. 29. ಜೋಲುತಂತಿ ಅಗಲವಾಗಿ ತೊನೆಯುತ್ತದೆ, ಮೆಟ್ಟಿಲಿಗೆ ಬಡಿದು ಜರ್ ಎನ್ನುತ್ತದೆ. ಬಡಿಯದಿರಲೆಂದು ತಂತಿಯನ್ನು ಎತ್ತರಿಸುತ್ತಾರೆ. ಎತ್ತರಿಸಿದರೆ ಒತ್ತುವಾಗ ತಂತಿ ಹೆಚ್ಚು ಹಿಗ್ಗಬೇಕು, ಹಿಗ್ಗಿದಷ್ಟೂ ಸ್ವರ ಏರುತ್ತದೆ. ಗಿಡ್ಡ ತಂತಿಯಲ್ಲಿ ಅಷ್ಟೇ ಎತ್ತರದ ಒತ್ತು ಉದ್ದಕ್ಕೆ ಹೋಲಿಸಿದರೆ ದೊಡ್ಡ ಹಿಗ್ಗು, ಮೊದಲೇ ಸಡಿಲವಾದ ತಂತಿಗೆ ಆ ಹಿಗ್ಗಿನ ಪರಿಣಾಮವೂ ದೊಡ್ಡದು. ಎರಡನ್ನೂ ಗುಣಿಸಿದರೆ, ಅದೇ ತಂತಿ ಅದೇ ಎತ್ತರದಲ್ಲಿದ್ದರೂ 23 ಅಂಗುಲದಲ್ಲಿ ಸ್ವರ ತಪ್ಪುವುದು ದೊಡ್ಡ ಗಿಟಾರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು, 21.4ರಲ್ಲಿ ಸರಿಸುಮಾರು ಎರಡು ಪಟ್ಟು. ಕಾಗದದ ಮೇಲೆ ಈ ಲೆಕ್ಕ ಮಾಡಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹುಳಿ ಎಂದಿದ್ದಳಲ್ಲ.

ದಪ್ಪ ತಂತಿ ಹಾಕಿದರಾಯಿತು ಎನ್ನುವವರಿದ್ದಾರೆ. ಟೇಲರ್ ಕಂಪನಿ ತನ್ನ 'ಜಿಎಸ್ ಮಿನಿ'ಗೆ ದಪ್ಪ ತಂತಿಯನ್ನೇ ಹಾಕಿ ಕಳಿಸುತ್ತದೆ. ಬಿಗಿ ಮರಳುತ್ತದೆ, ಜರ್ ಎನ್ನುವುದು ನಿಲ್ಲುತ್ತದೆ. ಆದರೆ ಸುತ್ತಿಲ್ಲದ ಬರಿಯ ಉಕ್ಕಿನ ತಂತಿಯಲ್ಲಿ ದಪ್ಪ ಹೆಚ್ಚಿದಂತೆ ಬಿಗಿಯೂ ಹಿಗ್ಗದ ಪೆಡಸೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಒತ್ತಿದಾಗ ಸ್ವರ ಏರುವ ಚಾಳಿ ತಾನಾಗಿ ಹೋಗುವುದಿಲ್ಲ. ತಂತಿಯನ್ನು ತಗ್ಗಿಸಿದರೆ ಮಾತ್ರ ಹೋಗುತ್ತದೆ. ಎಂಟು ವರ್ಷದ ಬೆರಳಿಗೆ ದಪ್ಪ ತಂತಿ ಎಂಥ ಶಿಕ್ಷೆಯೆಂಬುದು ಬೇರೆ ಮಾತು.

ಮೆಟ್ಟಿಲುಗಳ ಇಕ್ಕಟ್ಟೂ ಇದೆ. ಮೊದಲ ಮೆಟ್ಟಿಲು ದೊಡ್ಡ ಗಿಟಾರಿನಲ್ಲಿ 36 ಮಿಲಿಮೀಟರ್ ಅಗಲವಾದರೆ 21.4 ಅಂಗುಲದ್ದರಲ್ಲಿ 30.5. ಮಗುವಿಗೆ ಅದು ಅನುಕೂಲ, ಪ್ರಯಾಣಕ್ಕೆಂದು ಕೊಂಡ ದೊಡ್ಡವರಿಗೆ ಮೂರು ಬೆರಳು ಒಂದೇ ಮನೆಯಲ್ಲಿ ತುರುಕುವ ಕಷ್ಟ.

ಇಲ್ಲೊಂದು ಹಳೆಯ ಸ್ವಾರಸ್ಯ. ಖಗೋಳದ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲೆ ಲ್ಯೂಟ್ ವಾದಕ. 1581ರ ತನ್ನ ಪುಸ್ತಕದಲ್ಲಿ ಮೆಟ್ಟಿಲು ಕಟ್ಟಲು ಸುಲಭ ಸೂತ್ರ ಕೊಟ್ಟ: ಉಳಿದ ಉದ್ದದ ಹದಿನೆಂಟನೇ ಒಂದು ಭಾಗಕ್ಕೆ ಒಂದೊಂದು ಮೆಟ್ಟಿಲು. ಗಣಿತದ ಕಣ್ಣಲ್ಲಿ ಇದು ತಪ್ಪು. ಹನ್ನೆರಡನೆಯ ಮೆಟ್ಟಿಲು ನಡುಮಧ್ಯಕ್ಕೆ ಬೀಳುವುದಿಲ್ಲ, ತುಸು ಹಿಂದೆಯೇ ನಿಲ್ಲುತ್ತದೆ, ಸ್ವರ ಕೊಂಚ ಇಳಿಯುತ್ತದೆ. ಆದರೆ ಬೆರಳು ಒತ್ತಿದಾಗ ಸ್ವರ ಕೊಂಚ ಏರುತ್ತದಲ್ಲ? ಆ ತಪ್ಪನ್ನು ಈ ತಪ್ಪು ತಿನ್ನುತ್ತದೆ. ಗಿಟಾರ್ ಕಟ್ಟುವವರು ಬಹಳ ಕಾಲ ಈ ಹದಿನೆಂಟರ ಸೂತ್ರವನ್ನು ಬಿಡಲಿಲ್ಲ. ನಂತರದವರು ಮೆಟ್ಟಿಲನ್ನು ಗಣಿತಕ್ಕೆ ಬಿಟ್ಟು ಕುದುರೆಯನ್ನು ಓರೆಯಾಗಿ ಹಿಂದೆ ಸರಿಸಿದರು. ನಮ್ಮ ಮನೆಯದರಲ್ಲಿ ಮೆಟ್ಟಿಲು ಗಣಿತದ್ದು, ಕುದುರೆ ಮಾತ್ರ ನೆಟ್ಟಗೆ.

ಕೊನೆಗೆ ಅದನ್ನು ರಿಪೇರಿಯವರೊಬ್ಬರ ಬಳಿ ಒಯ್ದೆ. ಕಣ್ಣಿಗೆ ಕನ್ನಡಕ ಏರಿಸಿ ನಟ್‌ನ ಗಾಡಿಗಳನ್ನು ನೋಡಿ, "ಇಷ್ಟು ಎತ್ತರ ಬಿಟ್ಟಿದ್ದಾರೆ ಸಾರ್, ಯಾರಿಗೆ ಸ್ವರ ಬರುತ್ತೆ?" ಎಂದರು. ಸಣ್ಣ ಅರದಿಂದ ಆರು ಗಾಡಿಗಳನ್ನೂ ಉಜ್ಜಿ ಇಳಿಸಿದರು, ಕುದುರೆಯ ಮೇಲಿನ ಪಟ್ಟಿಯನ್ನು ತಗ್ಗಿಸಿದರು. ನಾನು ಟೆರ್ಟ್ಸ್ ಕತೆ ಹೇಳಿದೆ. ಅನುಮಾನದಿಂದಲೇ ತೆಳು ತಂತಿ ಹಾಕಿ, ಒಂದೇ ಸಲಕ್ಕೆ ಏರಿಸಬೇಡಿ, ವಾರವಿಡೀ ಸ್ವಲ್ಪ ಸ್ವಲ್ಪ ಏರಿಸಿ, ಕುದುರೆ ಏಳುತ್ತದೆಯೇ ನೋಡಿಕೊಳ್ಳಿ ಎಂದರು. ಏಳಲಿಲ್ಲ. ಎಂಟನೆಯ ದಿನ 'ಜಿ' ಮುಟ್ಟಿತು.

ಮಗಳನ್ನು ನಾನು ಕರೆಯಲಿಲ್ಲ. ಸೋಫಾದ ಮೇಲೆ ಇಟ್ಟು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಬಿಟ್ಟ ತಂತಿಯ ದನಿ ಕೇಳಿತು. ಆಮೇಲೆ ಮೊದಲ ಮೆಟ್ಟಿಲು. ಆಮೇಲೆ ಮತ್ತೆ ಬಿಟ್ಟ ತಂತಿ, ಮತ್ತೆ ಮೊದಲ ಮೆಟ್ಟಿಲು. ಐದಾರು ಸಲ ಹಾಗೆ ಮಾಡಿ, ಮರೆತೇಹೋಗಿತ್ತು ಅಂದುಕೊಂಡಿದ್ದ 'ಡಿ' ಹಿಡಿದಳು.

"ಅಪ್ಪಾ, ನಾನು ಡಿ ಹಿಡಿದ್ರೆ ನಿನ್ನ ಫೋನು ಎಫ್ ಅನ್ನುತ್ತೆ. ಯಾರು ಸುಳ್ಳು?"

"ಇಬ್ಬರೂ ನಿಜ ಪುಟ್ಟಾ" ಎಂದು ಸ್ಟೌವ್ ಆರಿಸಿ, ಜೂಲಿಯಾನಿಯ ಕತೆ ಹೇಳಲು ಹೊರಗೆ ಬಂದೆ.