ಸೂಡಿಯ ಗುಡಿ ಮತ್ತು ಹತ್ತನೇ ನಂಬರಿನ ಲೆನ್ಸ್

ಧಾರವಾಡ ಮತ್ತು ಮೈಸೂರು ಸೀಮೆಯ ಕಟ್ಟಡಗಳ ಫೋಟೊ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಗ ನಮ್ಮ ರೋಣ ಧಾರವಾಡ ಜಿಲ್ಲೆಯೊಳಗೇ ಇತ್ತು. ನರಗುಂದ ಸಂಸ್ಥಾನವೂ 1858ರ ಬಾಬಾಸಾಹೇಬರ ಬಂಡಾಯದ ನಂತರ ಬ್ರಿಟಿಷರ ಕೈಸೇರಿತ್ತು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ನಮ್ಮ ಭಾಗದ ಹಳೆಯ ಚಿತ್ರ ಹುಡುಕುವವರು ಇಂದಿಗೂ 'ಧಾರವಾಡ' ಎಂದೇ ಹುಡುಕಬೇಕು.

ಆ ಪುಸ್ತಕದ ಮೊದಲ ಪುಟದಲ್ಲಿ ಫೋಟೊ ತೆಗೆದ ಮೂವರ ಹೆಸರಿದೆ: ಡಾ. ಪಿಗೌ, ನೀಲ್, ಕರ್ನಲ್ ಬಿಗ್ಸ್. ಪುಸ್ತಕ ಬರುವಷ್ಟರಲ್ಲಿ ಪಿಗೌ ತೀರಿಕೊಂಡಿದ್ದರು. ಯಾವ ಲೆನ್ಸ್ ಬಳಸಿದರು ಎಂಬುದು ಆ ಪುಟದಲ್ಲಿಲ್ಲ. ಆ ಕಾಲದಲ್ಲಿ ಫೋಟೊದ ವಿವರವನ್ನು ಯಾರಾದರೂ ಕೈಯಿಂದ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಆ ಚೀಟಿಯನ್ನು ಕ್ಯಾಮೆರಾವೇ ಬರೆಯುತ್ತದೆ. ಅದರ ಹೆಸರು ಎಕ್ಸಿಫ್. 1995ರಲ್ಲಿ ಜಪಾನಿನಲ್ಲಿ ಹುಟ್ಟಿದ ಪದ್ಧತಿ. ತಾರೀಖು, ಕ್ಯಾಮೆರಾ ಯಾವುದು, ಎಷ್ಟು ಬೆಳಕು ಬಿಟ್ಟಿತು, ಎಲ್ಲ ಫೋಟೊದ ಫೈಲಿನೊಳಗೇ ಕೂತಿರುತ್ತದೆ. ಆದರೆ ಲೆನ್ಸಿನ ಹೆಸರಿಗೆ ಅದರಲ್ಲಿ ಎಲ್ಲರಿಗೂ ಒಪ್ಪಿತವಾದ ಜಾಗ ಸಿಕ್ಕಿದ್ದು 2010ರಲ್ಲಿ! ಅದಕ್ಕೂ ಮೊದಲು ಒಂದೊಂದು ಕಂಪನಿ ತನಗೆ ತೋಚಿದ ಗುಟ್ಟಿನ ನಂಬರು ಹಾಕುತ್ತಿತ್ತು.

ತೊಡಕು ಶುರುವಾದದ್ದು ಅಲ್ಲೇ. ಕ್ಯಾನನ್ ಕ್ಯಾಮೆರಾದಲ್ಲಿ 10 ಎಂಬ ನಂಬರು ಕ್ಯಾನನ್ನಿನದೇ 50 ಎಂಎಂ ಮ್ಯಾಕ್ರೊ ಲೆನ್ಸಿನದು. ಸಿಗ್ಮಾ ಕಂಪನಿಯ ಕೆಲವು ಲೆನ್ಸ್‌ಗಳೂ ಅದೇ ನಂಬರು ಹೇಳುತ್ತವೆ. ಒಂದೇ ಮನೆ ನಂಬರು, ನಾಲ್ಕೈದು ಮನೆತನ! ಅಂಚೆಯವನು ಏನು ಮಾಡಬೇಕು?

ಅಕ್ಕಪಕ್ಕದ ಸಾಕ್ಷಿ ಕೇಳಬೇಕು. ಚೀಟಿಯಲ್ಲಿ ಲೆನ್ಸ್ ನಂಬರು 10 ಇದ್ದು, ಫೋಕಲ್ ಲೆಂಗ್ತ್ 105 ಎಂಎಂ ಎಂದಿದ್ದರೆ ಅದು ಕ್ಯಾನನ್ನಿನ 50 ಎಂಎಂ ಆಗಿರಲು ಸಾಧ್ಯವೇ ಇಲ್ಲ, ಸಿಗ್ಮಾದ 105 ಇರಬೇಕು. ಎರಡೂ 50 ಆಗಿದ್ದರೆ ಲೆನ್ಸ್ ಎಷ್ಟು ಅಗಲ ತೆರೆಯುತ್ತದೆ ನೋಡಬೇಕು: ಕ್ಯಾನನ್ನಿನದು 2.5, ಸಿಗ್ಮಾದ್ದು 2.8. ಶಾಸನದಲ್ಲಿ ಅಕ್ಷರ ಅಳಿಸಿದಾಗ ಹಿಂದುಮುಂದಿನ ಸಾಲು ನೋಡಿ ಓದುತ್ತಾರಲ್ಲ, ಹಾಗೇ. ಫಿಲ್ ಹಾರ್ವೆ ಎಂಬವರು 2003ರಿಂದ ಬೆಳೆಸಿಕೊಂಡು ಬಂದ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ತಪ್ಪು ಹೆಸರು ತಿದ್ದಲೂ ಬರುತ್ತದೆ. ತಿದ್ದುವಾಗ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳುತ್ತದೆ. ಚಿಪ್ಪೇ ಇಲ್ಲದ ಹಳೆಯ ಕೈಲೆನ್ಸ್ ಆದರೆ ಯಾವ ಸಾಕ್ಷಿಯೂ ಇರುವುದಿಲ್ಲ, ಫೋಟೊ ತೆಗೆದವರೇ ಹೇಳಬೇಕು.

ಹೆಸರು ತಪ್ಪಿದರೆ ಏನಾಯ್ತು ಅಂತೀರಾ? ಗಜೇಂದ್ರಗಡದ ಹತ್ತಿರದ ಸೂಡಿಗೆ ಹೋಗಿ, ಜೋಡು ಕಳಸದ ಗುಡಿಯ ಫೋಟೊ ತೆಗೆಯಿರಿ. ಲೆನ್ಸಿನ ಬಾಗು ಸರಿಪಡಿಸುವ ತಂತ್ರಾಂಶ ಲೆನ್ಸಿನ ಹೆಸರು ನೋಡಿಯೇ ಕೆಲಸ ಮಾಡುತ್ತದೆ. ಹೆಸರು ತಪ್ಪಾದರೆ ನೆಟ್ಟಗಿರುವ ಕಂಬವನ್ನೂ ಬಾಗಿಸಿಬಿಡುತ್ತದೆ. ಮುಂದೆ ಯಾರಾದರೂ ಆ ಫೋಟೊ ನೋಡಿ ಗೋಡೆ ವಾಲಿದೆಯೇ ಎಂದು ಅಳೆಯಲು ಕೂತರೆ ಲೆಕ್ಕವೇ ಕೆಡುತ್ತದೆ.

ಇನ್ನೊಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಈ ಚೀಟಿಯೇ ಉದುರಿಹೋಗುತ್ತದೆ. ಊರ ಗುಡಿಯ ಫೋಟೊ ಕಳಿಸುವಾಗ 'ಡಾಕ್ಯುಮೆಂಟ್' ಒತ್ತಿ ಕಳಿಸಿ.