ಐದು ಅಕ್ಷರದ ಜಗಳ

ಕೆಎಸ್‌ಆರ್‌ಟಿಸಿ ಅಂದ್ರೆ ನಮಗೆ ಊರಿನ ಕೆಂಪು ಬಸ್ಸು. ಇಲ್ಲಿ ಮಸ್ಕತ್ತಲ್ಲಿ ನನ್ನ ಜೊತೆ ಕೇಬಲ್ ಎಳೆಯುವ ಮಲಯಾಳಿ ಗೆಳೆಯರಿಗೂ ಅದೇ ಹೆಸರು, ಅದೂ ಕೆಂಪು ಬಸ್ಸೇ. 2021ರ ಜೂನ್‌ನಲ್ಲಿ ಆ ಹೆಸರು ಇನ್ನು ಕೇರಳದ್ದು ಮಾತ್ರ ಅಂತ ಸುದ್ದಿ ಬಂದಾಗ ನಮ್ಮ ಕ್ಯಾಂಪಿನಲ್ಲಿ ಎರಡು ದಿನ ಅದೇ ಮಾತು. ಅವರು ಸಿಹಿ ಹಂಚೋದೊಂದು ಬಾಕಿ ಇತ್ತು. ಹಾಗಾಗಿ ಈ ಜಗಳದ ಇತಿಹಾಸ ಹುಡುಕಿ ಓದಿದೆ.

ಮೊದಲು ವಯಸ್ಸಿನ ಲೆಕ್ಕ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸಾರಿಗೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. ಆದರೆ ಆಗಿನ ಹೆಸರು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ, ಅಂದ್ರೆ ಮೊದಲ ಅಕ್ಷರ ಎಮ್. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ ಎಮ್ ಹೋಗಿ ಕೆ ಬಂತು. ಕೇರಳದ ನಿಗಮ ಹುಟ್ಟಿದ್ದು 1965ರಲ್ಲಿ. ಐದು ಅಕ್ಷರದ ಲೆಕ್ಕದಲ್ಲಿ ಅವರೇ ಎಂಟು ವರ್ಷ ಹಿರಿಯರು. ಬೇಜಾರಾದರೂ ಒಪ್ಪಬೇಕು.

ನಲವತ್ತು ವರ್ಷ ಯಾರೂ ಜಗಳ ಆಡಲಿಲ್ಲ. ಬಸ್ಸಿನ ಬೋರ್ಡು ನೋಡಿದ್ರೆ ಯಾವ ರಾಜ್ಯದ್ದು ಅಂತ ಗೊತ್ತಾಗ್ತಿತ್ತು. 2013ರಲ್ಲಿ ಕರ್ನಾಟಕ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿತು, 2014ರಲ್ಲಿ ಕೇರಳಕ್ಕೆ ನೋಟಿಸ್ ಹೋಯಿತು. ಕೇರಳ ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಯಿತು. ನನಗನ್ನಿಸುವಂತೆ ಗಲಾಟೆಯ ಬೇರು ಬಸ್ಸಿನಲ್ಲಿಲ್ಲ, ಇಂಟರ್ನೆಟ್ಟಿನಲ್ಲಿದೆ. ಕೆಎಸ್‌ಆರ್‌ಟಿಸಿ ಡಾಟ್ ಇನ್ ಅನ್ನೋ ವಿಳಾಸ ನಮ್ಮ ನಿಗಮದ್ದು. ಬೆಂಗಳೂರಿಂದ ಕೇರಳಕ್ಕೆ ಎರಡೂ ನಿಗಮದ ಬಸ್ಸು ಓಡುತ್ತವೆ. ಆ ಐದಕ್ಷರ ಒತ್ತಿ ಟಿಕೆಟ್ ಹುಡುಕುವವನು ನಮ್ಮ ಸೈಟಿಗೆ ಬರುತ್ತಾನೆ. ಇದರಿಂದ ತಮಗೆ ನಷ್ಟ ಅಂತ ಕೇರಳದವರು ಹೇಳಿದರು. ಒಂದೇ ಹೆಸರಿನ ಇಬ್ಬರು ಒಂದೇ ರೂಮಲ್ಲಿ ಇರಬಹುದು, ಒಂದೇ ಬತಾಕ ನಂಬರ್ ಇಬ್ಬರಿಗೆ ಇರಕ್ಕಾಗಲ್ಲ. ವೆಬ್ ವಿಳಾಸ ಬತಾಕ ನಂಬರ್ ಇದ್ದ ಹಾಗೆ.

ಇದರ ಕಾನೂನು ಗಟ್ಟಿಯಾಗಿದ್ದು ಬೆಂಗಳೂರಿನ ಇನ್ನೊಂದು ಕೇಸಿನಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರನ್ನೇ ಮೊಟಕು ಮಾಡಿ 'ಸಿಫಿ' ಅಂತ ಪದ ಕಟ್ಟಿ, 1999ರಲ್ಲಿ ವಿಳಾಸಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಇಂಗ್ಲಿಷಿನ ಎಫ್ ಅಕ್ಷರ ಎರಡು ಸಲ ಹಾಕಿ 'ಸಿಫಿನೆಟ್' ಅಂತ ಶುರು ಮಾಡಿತು. ಕೇಳಿದ್ರೆ, ಇದು ನಮ್ಮ ಐದು ಪಾಲುದಾರರ ಹೆಸರಿನ ಮೊದಲಕ್ಷರ ಅಂದರು! ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಆ ಐದಕ್ಷರದ ಕಥೆ ನಂಬದೆ ಮತ್ತೆ ತಡೆ ಕೊಟ್ಟಿತು. ವೆಬ್ ವಿಳಾಸಕ್ಕೆ ಅಂತಲೇ ನಮ್ಮಲ್ಲಿ ಬೇರೆ ಕಾಯ್ದೆ ಇಲ್ಲ, ಆದರೂ ಟ್ರೇಡ್‌ಮಾರ್ಕ್ ಕಾನೂನೇ ಅದಕ್ಕೂ ಅನ್ವಯಿಸುತ್ತೆ ಅಂತ ಹೇಳಿತು.

ಒಂದಕ್ಷರದ ಬೆಲೆ ಒಮಾನಿನಲ್ಲಿರುವ ನಮಗೆ ಬೇಗ ಅರ್ಥ ಆಗಬೇಕು. ಈ ದೇಶದ ವಿಳಾಸ 'ಡಾಟ್ ಓಎಮ್'. 'ಡಾಟ್ ಕಾಮ್'ನಲ್ಲಿ ಸಿ ಬಿಟ್ಟರೆ ಇದೇ. 2016ರಲ್ಲಿ ಹೆಸರುವಾಸಿ ಕಂಪನಿಗಳ ಹೆಸರಿಗೆ ಓಎಮ್ ಸೇರಿಸಿ ಮುನ್ನೂರಕ್ಕೂ ಹೆಚ್ಚು ವಿಳಾಸ ಯಾರೋ ಹಿಡಿದಿದ್ದು ಬಯಲಾಯಿತು. ಅವಸರದಲ್ಲಿ ಸಿ ಒತ್ತದವರ ಕಂಪ್ಯೂಟರಿಗೆ ಕೆಟ್ಟ ಸಾಫ್ಟ್‌ವೇರ್ ಇಳಿಸುವ ದಂಧೆ ಅದು.

ಬಸ್ಸಿನ ಕೇಸು ಆ ಜಾತಿಯದ್ದಲ್ಲ. ಯಾರೂ ಯಾರ ಹೆಸರನ್ನೂ ಕದ್ದಿಲ್ಲ. ನಮ್ಮದು ರಾಜ್ಯದ ಹೆಸರು ಬದಲಾಗಿ ಬಂದ ಅಕ್ಷರ. ಹೀಗೆ ಪ್ರಾಮಾಣಿಕವಾಗಿ ಇಬ್ಬರೂ ಬಳಸಿದ ಹೆಸರನ್ನು ಇಬ್ಬರಿಗೂ ಬರೆದುಕೊಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೇ ದಾರಿ ಇದೆ. 2021ರ ಆ ಸುದ್ದಿ ಬಂದಾಗ ಅಂಥ ಆದೇಶವೇ ಬಂದಿಲ್ಲ ಅಂತ ಕರ್ನಾಟಕ ಹೇಳಿತು. ಮಂಡಳಿಯನ್ನೇ ಕೇಂದ್ರ ಸರ್ಕಾರ ಆ ಏಪ್ರಿಲ್‌ನಲ್ಲಿ ಮುಚ್ಚಿಯಾಗಿತ್ತು. ಕೇಸು ಮದ್ರಾಸ್ ಹೈಕೋರ್ಟಿಗೆ ಹೋಗಿ, 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಈ ಸಲ ನಮ್ಮ ರೂಮಿನವರು ಸಿಹಿ ಕೇಳಿದರು. ಅಷ್ಟೊತ್ತಿಗೆ ಕಣ್ಣೂರಿನ ಗೆಳೆಯ ರಜೆಗೆ ಹೋಗಿ ಬೆಂಗಳೂರಿಂದ ನಮ್ಮ ಕೆಎಸ್‌ಆರ್‌ಟಿಸಿಯಲ್ಲೇ ಸೀಟು ಬುಕ್ ಮಾಡಿದ್ದ.