ಕಾಲು, ವೀಸ, ಕಾಣಿ: ಬಳ್ಳಾರಿ ಸೀಮೆಯ ಶಾಲಾ ಗಣಿತ

ಹೊಸಪೇಟೆ, ಹಂಪಿ, ಕಂಪ್ಲಿಗಳನ್ನು ಒಳಗೊಂಡಿದ್ದ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಮಕ್ಕಳು ಲೆಕ್ಕ ಕಲಿಯುತ್ತಿದ್ದ ಬಗೆಯನ್ನು ತಿಳಿಸುವ ಮುಖ್ಯ ಆಧಾರವೆಂದರೆ, ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ಸಮೀಕ್ಷೆಗೆ ಉತ್ತರವಾಗಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸಲ್ಲಿಸಿದ ವರದಿ. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರನ್ನು ಬಿಟ್ಟು, ಇಂದಿನ ಅನಂತಪುರದ ಪ್ರದೇಶವನ್ನೂ ಸೇರಿಸಿಕೊಂಡಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು; ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಂದಿ ಮಾತ್ರ.

ಐದನೆಯ ವಯಸ್ಸಿನಲ್ಲಿ ಗಣೇಶಪೂಜೆಯೊಂದಿಗೆ ಅಕ್ಕಿಯ ಮೇಲೆ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡಿದ ಮಗು ಮುಂದೆ ಮರಳಿನ ಮೇಲೆ ಬರೆದು ಕಲಿಯುತ್ತಿತ್ತು. ಆಮೇಲೆ ಓಲೆಯ ಮೇಲೂ, ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಯಾದ ಕಡತದ ಮೇಲೂ ಬರೆಯುತ್ತಿತ್ತು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದರೆ, ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬ ಗುರುತಾಗಿ ಸೊನ್ನೆ ಹಾಕಲಾಗುತ್ತಿತ್ತು. ಮೂರನೆಯವನಿಂದ ಮುಂದಕ್ಕೆ ಪೆಟ್ಟುಗಳ ಎಣಿಕೆ ಶುರುವಾಗುತ್ತಿತ್ತು.

ಕೂಡುವುದು, ಕಳೆಯುವುದು, ಗುಣಿಸುವುದನ್ನು ದಾಟಿದ ಮೇಲೆ ಈ ಶಾಲೆಗಳು ಹೆಚ್ಚಿನ ಶ್ರಮ ವಹಿಸುತ್ತಿದ್ದುದು ಭಿನ್ನರಾಶಿಗೆ. ಇಲ್ಲಿನ ಭಿನ್ನಗಳು ಹತ್ತರಿಂದ ಭಾಗವಾಗದೆ ನಾಲ್ಕರಿಂದ ಭಾಗವಾಗುತ್ತ ಇಳಿಯುತ್ತಿದ್ದವು: ಒಂದರ ನಾಲ್ಕನೆಯ ಪಾಲು ಕಾಲು, ಕಾಲಿನ ನಾಲ್ಕನೆಯ ಪಾಲು ವೀಸ, ವೀಸದ ನಾಲ್ಕನೆಯ ಪಾಲು ಕಾಣಿ, ಅಂದರೆ 64ರಲ್ಲಿ ಒಂದು ಪಾಲು. ಇವು ನಾಲಗೆಯ ಮೇಲೆ ನಿಲ್ಲಲೆಂದು ಮಕ್ಕಳು ದಿನಕ್ಕೆರಡು ಬಾರಿ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಂತೆ ಮಗ್ಗಿಯನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಪ್ಪಿಸುತ್ತಿದ್ದರು.

ಇಂಥ ಪಾಠಕ್ಕೆ ಕಾರಣ ಪೇಟೆಯ ವ್ಯವಹಾರದಲ್ಲಿಯೇ ಇತ್ತು. 1443ರಲ್ಲಿ ವಿಜಯನಗರಕ್ಕೆ, ಅಂದರೆ ಇಂದಿನ ಹಂಪಿಗೆ, ಬಂದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ವಿವರಿಸುವಂತೆ, ಚಿನ್ನದ ನಾಣ್ಯವಾದ ವರಹದ ಅರ್ಧ ಪರ್ತಾಬ್, ಅದರ ಹತ್ತನೆಯ ಪಾಲು ಪಣ, ಪಣದ ಆರನೆಯ ಪಾಲು ಬೆಳ್ಳಿಯ ತಾರ. ಹೀಗೆ ಒಂದು ವರಹಕ್ಕೆ 120 ತಾರಗಳಾಗುತ್ತಿದ್ದುದರಿಂದ, ಭಿನ್ನ ಬಾರದವನಿಗೆ ಚಿಲ್ಲರೆಯೂ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಈ ವಿದ್ಯೆಗೆ ಅದಕ್ಕಿಂತಲೂ ಹಳೆಯ ಬೇರುಗಳಿದ್ದು, 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನೂ ಆಕೃತಿಗಳ ಅಳತೆಯನ್ನು ಕುರಿತ ‘ಕ್ಷೇತ್ರಗಣಿತ’ವನ್ನೂ ರಚಿಸಿದ್ದನು. ವ್ಯವಹಾರದ ಲೆಕ್ಕಗಳಿಗೆ ಆಧಾರವಾದದ್ದು, ತಿಳಿದಿರುವ ಮೂರು ರಾಶಿಗಳಿಂದ ತಿಳಿಯದ ನಾಲ್ಕನೆಯದನ್ನು ಪಡೆಯುವ ತ್ರೈರಾಶಿಕ. ಎಂಟು ಸೇರು ಬೆಲ್ಲಕ್ಕೆ ಮೂರು ರೂಪಾಯಿಯಾದರೆ ಆರು ಸೇರಿಗೆ ಎಷ್ಟು ಎಂದು ಕೇಳಿದಾಗ, ಎಂಟು ಪ್ರಮಾಣ, ಮೂರು ಫಲ, ಆರು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಎರಡೂಕಾಲು ರೂಪಾಯಿ ಬರುತ್ತದೆ. ತಿಳಿಯದ ಬೆಲೆಯನ್ನು ಒಂದು ಅಕ್ಷರದಿಂದ ಗುರುತಿಸಿ ಸಮೀಕರಣ ಬರೆದರೆ ಇದೇ ಇಂದಿನ ಬೀಜಗಣಿತದ ಮೊದಲ ಪಾಠವಾಗುತ್ತದೆ.

ಮುಂದೆ ರೂಪಾಯಿಗೆ 16 ಆಣೆ, 64 ಹಳೆಯ ಪೈಸೆ ಎಂಬ ಲೆಕ್ಕದಲ್ಲಿ ವೀಸ ಕಾಣಿಗಳ ಅನುಪಾತವೇ ಉಳಿದುಕೊಂಡಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ ಮೇಲೆ ಅದು ವ್ಯವಹಾರದಿಂದಲೂ ಪಾಠದಿಂದಲೂ ಹಿಂದೆ ಸರಿಯಿತು. ಅರ್ಥಕ್ಕಿಂತ ಕಂಠಪಾಠಕ್ಕೆ ಒತ್ತು ಕೊಟ್ಟದ್ದು, ಬಹುಪಾಲು ಮಕ್ಕಳನ್ನು ಹೊರಗಿಟ್ಟದ್ದು ಹಳೆಯ ಶಾಲೆಯ ದೊಡ್ಡ ಕೊರತೆಗಳು. ಆದರೆ ಭಿನ್ನವನ್ನು ಪೇಟೆಯ ವ್ಯವಹಾರದೊಂದಿಗೆ ಬೆಸೆದ ಅದರ ಕ್ರಮವು ಸಮೀಕರಣಕ್ಕೆ ಹೆದರುವ ಇಂದಿನ ಮಕ್ಕಳಿಗೂ ಒದಗಬಲ್ಲದು.